ರಸ್ತೆ ಅಗಲಿಸದೆ ಪೇಟೆ ಉಳಿಯುತ್ತದೆಯೇ?

ಮೈಸೂರಿನ ಓದುಗರೊಬ್ಬರ ಪತ್ರ: “ನೆದರ್‌ಲ್ಯಾಂಡ್ಸ್‌ನ ಗ್ರೋನಿಂಗೆನ್ ನಗರ ಪೇಟೆಯೊಳಗಿನ ಕಾರು ಓಡಾಟಕ್ಕೆ ಕಡಿವಾಣ ಹಾಕಿದ್ದರ ಬಗ್ಗೆ ನೀವು ಪ್ರಕಟಿಸಿದ ಲೇಖನ ಓದಿದೆ. ದೇವರಾಜ ಅರಸು ರಸ್ತೆಯಲ್ಲಿ ನಮ್ಮದೊಂದು ಬಟ್ಟೆ ಅಂಗಡಿ. ಗಾಡಿ ನಿಲ್ಲಿಸಲು ಜಾಗವಿಲ್ಲದೆ ಗಿರಾಕಿಗಳು ಹಾಗೇ ಹೊರಟುಹೋಗುತ್ತಾರೆ. ವಾಹನ ಹೆಚ್ಚಾದಂತೆ ರಸ್ತೆಯೂ ಹೆಚ್ಚಬೇಕಲ್ಲವೇ? ಪಾಲಿಕೆಯೇ ಹೊಸ ರಸ್ತೆ ಬೇಡ, ಬಸ್ಸು ಸೈಕಲ್ಲು ಸಾಕು ಎಂದರೆ ನಾವು ಬದುಕುವುದು ಹೇಗೆ? ಅಲ್ಲಿಯವರು ಮೊದಲಿನಿಂದಲೂ ಸೈಕಲ್ ಜನ. ನಮಗೇಕೆ ಆ ಹೋಲಿಕೆ?”

ಸಂಪಾದಕರ ಉತ್ತರ:

ನಮಸ್ಕಾರ. ನಿಮ್ಮ ಕೊನೆಯ ಮಾತನ್ನೇ ಮೊದಲು ಎತ್ತಿಕೊಳ್ಳುತ್ತೇನೆ. 1960ರ ದಶಕದಲ್ಲಿ ಗ್ರೋನಿಂಗೆನ್ ಕೂಡ ಕಾರಿನ ಹಿಂದೆಯೇ ಓಡುತ್ತಿತ್ತು. ಹಳೆಯ ಪೇಟೆಯ ಕಟ್ಟಡಗಳನ್ನು ಕೆಡವಿ ಅಗಲ ರಸ್ತೆ ಮಾಡುವ ಯೋಜನೆಗಳಿದ್ದವು. ಊರ ನಡುವಿನ ದೊಡ್ಡ ಚೌಕ ಗ್ರೋಟೆ ಮಾರ್ಕ್ಟ್ ವಾಹನಗಳಿಂದ ಕಿಕ್ಕಿರಿದಿರುತ್ತಿತ್ತು. 1970ರ ದಶಕದ ಆರಂಭದಲ್ಲಿ ಹೊಸ ತಲೆಮಾರಿನ ಎಡಪಂಥೀಯರು ನಗರಸಭೆಗೆ ಆರಿಸಿ ಬಂದು ಆ ಯೋಜನೆಗಳನ್ನು ಕೈಬಿಟ್ಟರು. ಅವರಲ್ಲಿ ಮುಂದೆ ನಿಂತವರು ಮಾಕ್ಸ್ ಫಾನ್ ಡೆನ್ ಬೆರ್ಗ್. ಆಗ ಅವರಿಗಿನ್ನೂ ಇಪ್ಪತ್ತೈದರ ಆಸುಪಾಸಿನ ವಯಸ್ಸು.

1977ರ ಸೆಪ್ಟೆಂಬರ್‌ನಲ್ಲಿ ಅವರು ಮಾಡಿದ್ದಕ್ಕೆ ದೊಡ್ಡ ಕಾಮಗಾರಿಯೇನೂ ಬೇಕಾಗಲಿಲ್ಲ. ಪೇಟೆಯನ್ನು ನಾಲ್ಕು ಭಾಗ ಮಾಡಿ, ಒಂದು ಭಾಗದಿಂದ ಇನ್ನೊಂದಕ್ಕೆ ಕಾರು ನೇರವಾಗಿ ದಾಟದಂತೆ ಫಲಕ ಹಾಕಿದರು, ಬೀದಿಗಳನ್ನು ಏಕಮುಖ ಮಾಡಿದರು. ಕಾರಿನವರು ಹೊರಗಿನ ರಿಂಗ್ ರೋಡಿಗೆ ಹೋಗಿ, ಸುತ್ತು ಹಾಕಿ, ಇನ್ನೊಂದು ಕಡೆಯಿಂದ ಒಳಗೆ ಬರಬೇಕು. ನಡೆಯುವವರು, ಸೈಕಲ್ಲಿನವರು, ಬಸ್ಸಿನವರು ಮಾತ್ರ ನೇರವಾಗಿ ಹೋಗಬಹುದು. ಕಾರಿನಲ್ಲಿ ಪೇಟೆಗೆ ಬರುವುದನ್ನು ಯಾರೂ ನಿಷೇಧಿಸಲಿಲ್ಲ ಎಂಬುದನ್ನು ಗಮನಿಸಿ. ಪೇಟೆಯನ್ನು ಅಡ್ಡದಾರಿ ಮಾಡಿಕೊಂಡಿದ್ದವರಿಗಷ್ಟೇ ದಾರಿ ಮುಚ್ಚಿತು. ಅವರು ನಿಮ್ಮಲ್ಲಿ ಬಟ್ಟೆ ಕೊಳ್ಳುವ ಜನವಲ್ಲ.

ವರ್ತಕರು ಜೋರಾಗಿಯೇ ವಿರೋಧಿಸಿದರು. ನಿಮ್ಮ ಪತ್ರದಲ್ಲಿರುವ ಆತಂಕವೇ ಅವರದೂ ಆಗಿತ್ತು, ಅದನ್ನು ನಾನು ಹಗುರವಾಗಿ ಕಾಣುವುದಿಲ್ಲ. ಆದರೆ ಪೇಟೆ ಉಳಿಯಿತು. ಇವತ್ತಿಗೂ ಅಲ್ಲಿನ ಮುಖ್ಯ ವ್ಯಾಪಾರದ ಬೀದಿ ಹೆರೆಸ್ಟ್ರಾಟ್, ಅದು ನಡೆಯುವವರ ಬೀದಿ. ವಿಸ್‌ಮಾರ್ಕ್ಟ್ ಚೌಕದಲ್ಲಿ ಮಂಗಳವಾರ, ಶುಕ್ರವಾರ, ಶನಿವಾರ ಸಂತೆ ಕೂಡುತ್ತದೆ. ಊರೊಳಗಿನ ಓಡಾಟದಲ್ಲಿ ಶೇ. 60ರಷ್ಟು ಸೈಕಲ್ ಮೇಲೆಯೇ ನಡೆಯುತ್ತದೆ. ಕೆಲವು ಸಿಗ್ನಲ್‌ಗಳಲ್ಲಿ ನಾಲ್ಕೂ ಕಡೆಯ ಕಾರುಗಳನ್ನು ಒಟ್ಟಿಗೆ ನಿಲ್ಲಿಸಿ, ಎಲ್ಲ ದಿಕ್ಕಿನ ಸೈಕಲ್ಲುಗಳಿಗೂ ಒಂದೇ ಸಲ ಹಸಿರು ದೀಪ ಕೊಡುತ್ತಾರೆ. ಸೈಕಲ್ಲಿನವರು ಒಬ್ಬರನ್ನೊಬ್ಬರು ನೋಡಿಕೊಂಡು, ಬೇಕಾದವರು ಮೂಲೆಯಿಂದ ಮೂಲೆಗೆ ಅಡ್ಡಲಾಗಿಯೇ ದಾಟಿಬಿಡುತ್ತಾರೆ.

ಇನ್ನು ರಸ್ತೆ ಹೆಚ್ಚಿಸುವ ಮಾತು. ಬೆಂಗಳೂರಿನ ಹೆಬ್ಬಾಳದ ಮೇಲ್ಸೇತುವೆ 2003ರಲ್ಲಿ ಬಂತು. ಈಗ ಅದಕ್ಕೆ ಹೊಸ ಲೂಪ್‌ಗಳನ್ನು ಜೋಡಿಸಬೇಕಾಗಿ ಬಂದಿದೆ. ಅಮೆರಿಕದ ಹ್ಯೂಸ್ಟನ್‌ನಲ್ಲಿ ಕೇಟಿ ಫ್ರೀವೇಯನ್ನು 2008ರ ಹೊತ್ತಿಗೆ, ಪಕ್ಕದ ಸರ್ವೀಸ್ ರಸ್ತೆಗಳೂ ಸೇರಿ ಕೆಲವೆಡೆ 26 ಲೇನ್‌ಗಳಷ್ಟು ಅಗಲ ಮಾಡಿದರು. ಕೆಲವೇ ವರ್ಷಗಳಲ್ಲಿ ದಟ್ಟಣೆಯ ಹೊತ್ತಿನ ಪ್ರಯಾಣ ಮತ್ತೆ ನಿಧಾನವಾಗುತ್ತ ಹೋಯಿತು. ರಸ್ತೆ ಸಲೀಸಾದರೆ ಬಸ್ಸಿನಲ್ಲಿ ಬರುತ್ತಿದ್ದವರೂ ಕಾರು ತೆಗೆಯುತ್ತಾರೆ, ಬಡಾವಣೆಗಳು ಇನ್ನೂ ದೂರಕ್ಕೆ ಹಬ್ಬುತ್ತವೆ, ಅಲ್ಲಿಂದ ದಿನಾ ಬಂದುಹೋಗುವ ವಾಹನಗಳು ಹೊಸ ರಸ್ತೆಯನ್ನೂ ತುಂಬುತ್ತವೆ. ಹೊಟ್ಟೆ ಬೆಳೆಯಿತೆಂದು ಬೆಲ್ಟಿನ ತೂತು ಮುಂದೆ ಹಾಕಿಕೊಂಡಂತೆ ಇದು.

ಮೈಸೂರು ಪಾಲಿಕೆಯೂ ಕೈಕಟ್ಟಿ ಕೂತಿಲ್ಲ. 2017ರಲ್ಲಿ ‘ಟ್ರಿಣ್ ಟ್ರಿಣ್’ ಬಾಡಿಗೆ ಸೈಕಲ್ ಶುರುವಾದಾಗ ನಾನು ಮನಸಾರೆ ಸಂತೋಷಪಟ್ಟಿದ್ದೆ. ಅದು ಬೆಳೆಯಬೇಕಾದಷ್ಟು ಬೆಳೆಯದಿದ್ದುದಕ್ಕೆ ಮುಖ್ಯ ಕಾರಣ, ನನ್ನ ದೃಷ್ಟಿಯಲ್ಲಿ, ಸೈಕಲ್ ಕೊಟ್ಟಂತೆ ಅದು ಭಯವಿಲ್ಲದೆ ಓಡುವ ದಾರಿಯನ್ನು ಕೊಡದಿದ್ದದ್ದು.

ಆದರೆ ಪಾಲಿಕೆಯೊಂದನ್ನೇ ದೂರಿ ಫಲವಿಲ್ಲ. 1992ರ ಸಂವಿಧಾನದ 74ನೇ ತಿದ್ದುಪಡಿ ಸೇರಿಸಿದ 12ನೇ ಅನುಸೂಚಿಯನ್ನು ಒಮ್ಮೆ ಓದಿ. ನಗರಾಡಳಿತಕ್ಕೆ ವಹಿಸಬಹುದಾದ 18 ವಿಷಯಗಳಲ್ಲಿ ರಸ್ತೆ, ಸೇತುವೆ, ಪಾರ್ಕಿಂಗ್ ಜಾಗ, ಬಸ್ ನಿಲ್ದಾಣ ಎಲ್ಲ ಇವೆ. ಬಸ್ ಸಂಚಾರದ ಹೆಸರೇ ಇಲ್ಲ! ಮೈಸೂರಿನ ಸಿಟಿ ಬಸ್ ಓಡಿಸುವುದು ಕೆಎಸ್‌ಆರ್‌ಟಿಸಿ, ಸಂಚಾರ ನೋಡಿಕೊಳ್ಳುವುದು ಪೊಲೀಸರು. ಬೆಂಗಳೂರಿನ ಪಾಡು ಇನ್ನೂ ಕಷ್ಟ. 2020ರ ಸೆಪ್ಟೆಂಬರ್‌ನಲ್ಲಿ ಅವಧಿ ಮುಗಿದ ಬಿಬಿಎಂಪಿ ಕೌನ್ಸಿಲ್‌ಗೆ ಮತ್ತೆ ಚುನಾವಣೆಯೇ ನಡೆಯದೆ, ಆ ಪಾಲಿಕೆಯೇ ಇಲ್ಲವಾಯಿತು. ಇಷ್ಟು ದೊಡ್ಡ ನಗರದಲ್ಲಿ ಫ್ಲೈಓವರ್ ಬೇಕೋ ಬಸ್ ಬೇಕೋ ಎಂದು ಕೇಳಲು ವಾರ್ಡಿಗೊಬ್ಬ ಸದಸ್ಯರೂ ಇಲ್ಲದೆ ವರ್ಷಗಳು ಕಳೆದದ್ದು ನನಗೆ ನಿಜಕ್ಕೂ ಸಿಟ್ಟು ತರಿಸುತ್ತದೆ. ಗ್ರೋನಿಂಗೆನ್ ಲೇಖನ ಪ್ರಕಟಿಸಿದ್ದು ಮುಖ್ಯವಾಗಿ ಈ ಕಾರಣಕ್ಕೆ. ಅಲ್ಲಿ ಆರಿಸಿ ಬಂದವರ ಕೈಯಲ್ಲಿ ಬೀದಿಯ ಅಧಿಕಾರವಿತ್ತು, ತಪ್ಪಿದರೆ ಮುಂದಿನ ಚುನಾವಣೆಯಲ್ಲಿ ಜನ ಕೇಳಬಹುದಿತ್ತು.

ರಸ್ತೆಯೇ ಬೇಡವೆಂಬುದು ನಮ್ಮ ನಿಲುವಲ್ಲ. ರಿಂಗ್ ರೋಡ್ ಇಲ್ಲದಿದ್ದರೆ ಆ ಊರಿನ ಯೋಜನೆಯೂ ನಡೆಯುತ್ತಿರಲಿಲ್ಲ. ಮೈಸೂರಿಗೂ ರಿಂಗ್ ರೋಡ್ ಇದೆ. ಜೊತೆಗೆ ಆ ಊರಿನವರ ಇನ್ನೊಂದು ಕ್ರಮ ನನಗೆ ಬಹಳ ಹಿಡಿಸಿದೆ. ನೋರ್ಡರ್‌ಪ್ಲಾಂಟ್ಸೂನ್ ಎಂಬ ಉದ್ಯಾನದ ನಡುವಿನ ರಸ್ತೆಯನ್ನು ಮೊದಲು ಪ್ರಯೋಗಕ್ಕೆಂದು ಕಾರುಗಳಿಗೆ ಮುಚ್ಚಿದರು. ಆಮೇಲೆ 1994ರಲ್ಲಿ ಜನಮತ ಕೇಳಿದರು. ಅತಿ ಕಡಿಮೆ ಅಂತರದಲ್ಲಿ ಗೆದ್ದ ಮೇಲೆ ಕಾಯಂ ಮಾಡಿದರು.

ದೇವರಾಜ ಅರಸು ರಸ್ತೆಯಲ್ಲೂ ಹೀಗೆ ಪ್ರಯೋಗ ಮಾಡಿ ನೋಡಬಹುದು. ಅದಕ್ಕೂ ಮೊದಲು ನಿಮ್ಮ ವರ್ತಕ ಮಿತ್ರರೊಂದಿಗೆ ಸೇರಿ ಒಂದು ಕೆಲಸ ಮಾಡುವಿರಾ? ಅಂಗಡಿ ಮುಂದೆ ಬೆಳಿಗ್ಗೆ ನಿಂತ ಗಾಡಿಗಳಲ್ಲಿ ಎಷ್ಟು ಸಂಜೆಯವರೆಗೂ ಕದಲುವುದಿಲ್ಲ, ಅವು ಗಿರಾಕಿಗಳವೋ ಅಂಗಡಿಯವರವೋ, ನಿಮ್ಮಲ್ಲಿ ಕೊಂಡವರು ಬಂದದ್ದು ಕಾರಿನಲ್ಲೋ ಸ್ಕೂಟರ್‌ನಲ್ಲೋ ಬಸ್ಸಿನಲ್ಲೋ ಎಂದು ಒಂದು ವಾರ ಬರೆದಿಡಿ. ಪಟ್ಟಿ ನಮಗೆ ಕಳುಹಿಸಿದರೆ, ಅದು ನನ್ನ ವಾದಕ್ಕೆ ವಿರುದ್ಧವಾಗಿದ್ದರೂ ಹಾಗೆಯೇ ಪ್ರಕಟಿಸುತ್ತೇನೆ.