ಹಳೇ ಮನೆಗಳ ಬಡಾವಣೆಯ ಚಹರೆಯನ್ನು ಸ್ಥಳೀಯ ನಿಯಮಗಳಿಂದ ಉಳಿಸಬಹುದಾ?

ಉಳಿಸಬಹುದು. ಆದರೆ ಒಂದೊಂದೇ ಮನೆಯನ್ನು ಸಂರಕ್ಷಿತ ಕಟ್ಟಡಗಳ ಪಟ್ಟಿಗೆ ಸೇರಿಸಿದರೆ ಸಾಲದು, ಇಡೀ ಬೀದಿಗೇ ನಿಯಮ ಬೇಕು. ಅಮೆರಿಕದ ಚಾರ್ಲ್‌ಸ್ಟನ್ ನಗರ 1931ರಲ್ಲೇ ಹೀಗೆ ಮಾಡಿತು. ಬ್ರಿಟನ್ನಿನ 1967ರ ಕಾಯ್ದೆಯೂ ಇದೇ ದಾರಿ ಹಿಡಿಯಿತು.

ಜನ ಕಿಟಕಿ, ಬಣ್ಣದ ಬಗ್ಗೆಯೇ ಜಾಸ್ತಿ ತಲೆ ಕೆಡಿಸಿಕೊಳ್ಳುತ್ತಾರೆ. ನನ್ನ ಪ್ರಕಾರ ಬೀದಿಯ ರೂಪ ಕೆಡುವುದು ಬೇರೆ ಕಾರಣಕ್ಕೆ: ಕಟ್ಟಡದ ಎತ್ತರ, ರಸ್ತೆ ಕಡೆ ಬಿಡುವ ಜಾಗ, ಸೈಟುಗಳ ಜೋಡಣೆ. ಮೂರು ಸೈಟು ಸೇರಿಸಿ ಒಂದೇ ದೊಡ್ಡ ಕಟ್ಟಡ ಎಬ್ಬಿಸಿದ ಮೇಲೆ ಹಳೇ ಶೈಲಿಯ ಕಿಟಕಿ ಸುಮ್ನೆ ಅಲಂಕಾರ, ಅಲ್ವಾ? ಮರಗಳು, ಕಾಂಪೌಂಡ್ ಗೋಡೆಯ ಎತ್ತರವೂ ನಿಯಮದಲ್ಲಿರಲಿ. ಮನೆ ಕೆಡವಲು ಪ್ರತ್ಯೇಕ ಅನುಮತಿ ಕಡ್ಡಾಯವಾಗಲಿ.

ಮಾಲೀಕರಿಗೆ ನಷ್ಟ ಆಗುತ್ತದೆ, ನಿಜ. ಅದಕ್ಕೇ ಕೆಲವು ನಗರಗಳು, ನಿಯಮದಿಂದಾಗಿ ತಮ್ಮ ಸೈಟಿನಲ್ಲಿ ಕಟ್ಟಲಾಗದ ಅಂತಸ್ತುಗಳ ಹಕ್ಕನ್ನು ಮಾಲೀಕರು ಬೇರೆ ಕಡೆ ಕಟ್ಟುವವರಿಗೆ ಮಾರಲು ಬಿಡುತ್ತವೆ.