ಮೂರು ಭಾಷೆಯ ವಾರಪತ್ರಿಕೆ ನಡೆಯುತ್ತಾ?

ಪ್ರಶ್ನೆ: ನಿರಾಶ್ರಿತರ ಪರಿಹಾರಕ್ಕಾಗಿ ಒಟ್ಟಿಗೆ ಓಡಾಡಿದ ಗೆಳೆಯರು ಸೇರಿ ಕನ್ನಡ, ಕೊಂಕಣಿ, ಮರಾಠಿ ಮೂರರಲ್ಲೂ ಒಂದು ಸಣ್ಣ ವಾರಪತ್ರಿಕೆ ತರಬೇಕು ಅಂತಿದ್ದೇವೆ. ಹೋರಾಟದಿಂದ ಹುಟ್ಟಿದ ಪತ್ರಿಕೆ, ಅದೂ ಮೂರು ಭಾಷೆಯಲ್ಲಿ, ಬಾಳುತ್ತದಾ?
– ಓದುಗರೊಬ್ಬರು, ಕಾರವಾರ

ಉತ್ತರ: ಬಾಳುತ್ತದೆ. 1903ರ ಜೂನ್‌ನಲ್ಲಿ ದಕ್ಷಿಣ ಆಫ್ರಿಕಾದ ಡರ್ಬಾನ್‌ನಲ್ಲಿ 'ಇಂಡಿಯನ್ ಒಪಿನಿಯನ್' ವಾರಪತ್ರಿಕೆ ಶುರುವಾದಾಗ ಅದರಲ್ಲಿ ಇಂಗ್ಲಿಷ್, ಗುಜರಾತಿ, ತಮಿಳು, ಹಿಂದಿ ನಾಲ್ಕೂ ಇದ್ದವು. ಬೇರು ಇದ್ದದ್ದು ಅಲ್ಲಿನ ಭಾರತೀಯರ ಹಕ್ಕಿಗಾಗಿ ಹೋರಾಡುತ್ತಿದ್ದ ನೇಟಾಲ್ ಇಂಡಿಯನ್ ಕಾಂಗ್ರೆಸ್‌ನಲ್ಲಿ. ಮೊದಲ ಸಂಪಾದಕ ಮನಸುಖಲಾಲ್ ನಾಜರ್ ಆ ಸಂಘಟನೆಯ ಕಾರ್ಯದರ್ಶಿಯಾಗಿದ್ದವರು. ಗಾಂಧೀಜಿ ಬರೆದೂ ಕೊಟ್ಟರು, ದುಡ್ಡೂ ಹಾಕಿದರು. ಒಂದು ಹಂತದಲ್ಲಿ ತಿಂಗಳಿಗೆ 75 ಪೌಂಡ್ ಕೈಯಿಂದ ಹೋಗುತ್ತಿತ್ತು ಅಂತ ಆತ್ಮಕಥೆಯಲ್ಲಿ ಹೇಳಿಕೊಂಡಿದ್ದಾರೆ. 1904ರ ಕೊನೆಗೆ ಪ್ರೆಸ್ಸನ್ನು ಡರ್ಬಾನ್ ಹತ್ತಿರ ಗಾಂಧೀಜಿ ಕಟ್ಟಿದ ಫೀನಿಕ್ಸ್ ಆಶ್ರಮಕ್ಕೆ ಸಾಗಿಸಿದರು. ಅಲ್ಲಿ ಮೊದಲ ರಾತ್ರಿಯೇ ಇಂಜಿನ್ ಕೈಕೊಟ್ಟಿತು. ಕೈಯಿಂದ ತಿರುಗಿಸುವ ಚಕ್ರಕ್ಕೆ ಒಮ್ಮೆಗೆ ನಾಲ್ಕು ಜನ ಬೇಕು, ಇದ್ದವರು ಸಾಲಲಿಲ್ಲ. ಮಲಗಿದ್ದ ಬಡಗಿಗಳನ್ನು ಎಬ್ಬಿಸಿ ಬೆಳಗಿನವರೆಗೆ ಸರದಿ ಮೇಲೆ ತಿರುಗಿಸಿದರು, ಪತ್ರಿಕೆ ಹೊತ್ತಿಗೆ ಸರಿಯಾಗಿ ಹೊರಟಿತು. ಇಂಥ ಜನ ನಿಮ್ಮ ಜೊತೆ ಇದ್ದಾರೆ ಅಂದರೆ ಅರ್ಧ ಕೆಲಸ ಆದ ಹಾಗೆ.

ಇಷ್ಟಾದರೂ 1906ರಲ್ಲಿ ತಮಿಳು, ಹಿಂದಿ ಪುಟ ನಿಂತವು. ಆ ಭಾಷೆಗಳಲ್ಲಿ ಬರೆಯುವವರು, ಅಚ್ಚಿನ ಮೊಳೆ ಜೋಡಿಸುವವರು ಬೇಕಾದಷ್ಟು ಸಿಗಲಿಲ್ಲ. ಪತ್ರಿಕೆ ಮಾತ್ರ 1961ರವರೆಗೆ ನಡೆಯಿತು.

ಈಗ ಮೊಳೆಯ ಕಷ್ಟ ಇಲ್ಲ, ಬರೆಯುವವರ ಕಷ್ಟ ಹಾಗೇ ಇದೆ. ಹಾಗಾಗಿ ಮೊದಲು ಜನ ಹುಡುಕಿ. ಕೊಂಕಣಿ ಪುಟಕ್ಕೆ ವಾರವಾರ ತಪ್ಪದೆ ಬರೆಯುವವರು ಒಬ್ಬರಾದರೂ ಇದ್ದಾರಾ? ಇಲ್ಲದಿದ್ದರೆ ಕನ್ನಡದಲ್ಲೇ ಶುರು ಮಾಡಿ, ಉಳಿದದ್ದು ಆಮೇಲೆ. ಒಂದೇ ಸುದ್ದಿಯನ್ನು ಮೂರು ಭಾಷೆಗೆ ತಿರುಗಿಸುವುದು ಬೇಡವೇ ಬೇಡ, ಎರಡೇ ತಿಂಗಳಲ್ಲಿ ನೀವೇ ಸುಸ್ತಾಗುತ್ತೀರಿ. ಕೊಂಕಣಿ ಪುಟಕ್ಕೆ ಬೈತಖೋಲ್ ಬಂದರಿನ ಮಾತು ಬರಲಿ, ಜೂನ್-ಜುಲೈ ಮೀನುಗಾರಿಕೆ ನಿಷೇಧದಲ್ಲಿ ಮನೆ ಖರ್ಚು ಹೇಗೆ ಸಾಗುತ್ತದೆ ಅನ್ನುವುದನ್ನು ಅಲ್ಲಿನ ಹೆಂಗಸರೇ ಹೇಳಲಿ. ಕನ್ನಡ ಪುಟಕ್ಕೆ ಅರಣ್ಯ ಅತಿಕ್ರಮಣದ ಅರ್ಜಿಗಳ ಕಥೆ, ಶಿರಸಿ ಅಡಿಕೆ ದರ. ಕೊಂಕಣಿಗೆ ದೇವನಾಗರಿಯೋ ಕನ್ನಡ ಲಿಪಿಯೋ ಅಂತ ಜಗಳ ಬಂದೇ ಬರುತ್ತದೆ, ನಿಮ್ಮ ಓದುಗರು ಯಾವುದನ್ನು ಸಲೀಸಾಗಿ ಓದುತ್ತಾರೋ ಅದನ್ನೇ ಹಿಡಿಯಿರಿ.

ಪತ್ರಿಕೆಯ ಹಿಂದೆ ಯಾವ ಸಂಘಟನೆ ಇದೆ ಅನ್ನುವುದನ್ನು ಮೊದಲ ಪುಟದಲ್ಲೇ ಹಾಕಿ. ಒಪ್ಪದವರ ಪತ್ರಕ್ಕೂ ಜಾಗ ಕೊಡಿ, ಚಿಕ್ಕ ಊರಲ್ಲಿ ಮುಚ್ಚಿಟ್ಟದ್ದು ಒಂದೇ ವಾರಕ್ಕೆ ಗೊತ್ತಾಗುತ್ತದೆ, ಅಲ್ವಾ.

ನೋಂದಣಿಗೆ 2024ರ ಮಾರ್ಚ್‌ನಿಂದ ಹೊಸ ಕಾನೂನು ಜಾರಿಯಲ್ಲಿದೆ, ಅರ್ಜಿ ಆನ್‌ಲೈನ್. ಭಾಷೆ ಕೇಳಿದಲ್ಲಿ ಯಾವ್ಯಾವುದು ಬೇಕು ಅಂತ ಆಗಲೇ ಯೋಚಿಸಿ ತುಂಬಿ.