ರೈಸ್ಟಿಂಗ್‌ನ ಬಿಳಿ ಗೋಳ ಫೋಟೋದಲ್ಲಿ ಬೂದಿ ಬಣ್ಣ ಬಂದರೆ

ಜರ್ಮನಿಯ ರೈಸ್ಟಿಂಗ್‌ನಲ್ಲಿ ಉಪಗ್ರಹ ಆಂಟೆನಾವನ್ನು ಮುಚ್ಚಿರುವ ದೊಡ್ಡ ಬಿಳಿ ಗೋಳ ಫೋಟೋದಲ್ಲಿ ಬೂದಿಯಾಗಿ, ಪುಟ್ಟದಾಗಿ ಬರ್ತಿದೆ ಅಂತ ಕೇಳಿದ್ದಿರಿ. ಬೂದಿ ಬಣ್ಣಕ್ಕೆ ಬಹುಶಃ ನಿಮ್ಮ ಕ್ಯಾಮೆರಾದ ಬೆಳಕು ಅಳೆಯುವ ಮೀಟರ್ ಕಾರಣ. ಚೌಕಟ್ಟಿನ ತುಂಬ ಬಿಳಿ ಇದ್ದರೆ ಬೆಳಕು ಜಾಸ್ತಿಯಾಯ್ತು ಅಂದುಕೊಂಡು ಅದೇ ಕತ್ತಲು ಮಾಡಿಬಿಡುತ್ತದೆ. 49 ಮೀಟರ್ ಅಗಲದ ಗೋಳ ಪಿಂಗ್‌ಪಾಂಗ್ ಚೆಂಡಿನ ಹಾಗೆ ಕಾಣ್ತಿದೆ ಅಂದಿರಲ್ಲ, ಅದು ವೈಡ್ ಲೆನ್ಸ್ (ಅಗಲ ನೋಟದ ಲೆನ್ಸ್) ಕೆಲಸ.

ಮೊದಲು ಎಕ್ಸ್‌ಪೋಷರ್ ಕಾಂಪೆನ್ಸೇಷನ್, ಅಂದರೆ ಫೋಟೋವನ್ನು ಬೆಳಗಿಸುವ ಅಥವಾ ಕತ್ತಲಾಗಿಸುವ ಸೆಟ್ಟಿಂಗ್, +0.7ಕ್ಕೆ ಏರಿಸಿ. ಮೊಬೈಲ್ ಆದರೆ ಗೋಳದ ಮೇಲೆ ಬೆರಳೊತ್ತಿ, ಪರದೆಯಲ್ಲಿ ಕಾಣುವ ಸೂರ್ಯನ ಗುರುತನ್ನು ಸ್ವಲ್ಪ ಮೇಲಕ್ಕೆಳೆಯಿರಿ. ಮೋಡದ ದಿನ ಎಷ್ಟು ಬೇಕಾಗುತ್ತೆ ಅಂತ ಇಲ್ಲಿಂದ ಹೇಳುವುದು ಕಷ್ಟ, ಎರಡು ಮೂರು ಸಲ ತೆಗೆದು ನೋಡಿ.

ಆಮೇಲೆ ಹಿಂದಕ್ಕೆ ನಡೆಯಿರಿ. ಹೊಲದ ಮಧ್ಯೆ ಸೇಂಟ್ ಜೋಹಾನ್ ಅನ್ನೋ ಪುಟ್ಟ ಚರ್ಚ್ ಇದೆ. ಫೋಟೋದಲ್ಲಿ ಚರ್ಚ್ ಮುಂದೆ, ಗೋಳ ಹಿಂದೆ ಬರುವ ಜಾಗ ಹುಡುಕಿ, ದೂರದಿಂದಲೇ ಜೂಮ್ ಮಾಡಿ. ಆಗ ಗಾತ್ರ ತಾನಾಗೇ ಗೊತ್ತಾಗುತ್ತದೆ. ಸುಮ್ನೆ ಗೋಳವೊಂದನ್ನೇ ತೆಗೆದರೆ ಅಳತೆಗೆ ಪಕ್ಕದಲ್ಲಿ ಏನೂ ಇರಲ್ಲ, ಅಲ್ವಾ?

ಒಳಗೆ ತೆಗೆಯುವುದಾದರೆ ಮಾತ್ರ ವೈಡ್ ಲೆನ್ಸ್ ಬೇಕು. 1960ರ ದಶಕದ ಈ ಗೋಳಕ್ಕೆ ಒಳಗೆ ಒಂದು ಕಂಬವೂ ಇಲ್ಲ. ಎರಡು ಮಿಲಿಮೀಟರ್‌ಗಿಂತ ತೆಳುವಾದ ಹೊದಿಕೆಯನ್ನು ಗಾಳಿಯ ಒತ್ತಡವೇ ಎತ್ತಿ ಹಿಡಿದಿದೆ. ನಡುವೆ 25 ಮೀಟರ್ ಅಗಲದ ಡಿಶ್ ಆಂಟೆನಾ. 1969ರಲ್ಲಿ ಮನುಷ್ಯ ಚಂದ್ರನ ಮೇಲೆ ಇಳಿದ ದೃಶ್ಯ ಜರ್ಮನಿಗೆ ಬಂದದ್ದು ಇಲ್ಲಿಂದಲೇ. ನನಗಂತೂ ಹೊರಗಿನ ಬಿಳುಪಿಗಿಂತ ಈ ಖಾಲಿತನವೇ ಇಷ್ಟ. ಆದರೆ ಗೈಡ್ ಜೊತೆಗೆ ಮಾತ್ರ ಬಿಡುತ್ತಾರೆ, ಹೊರಡುವ ಮೊದಲೇ ಬುಕ್ ಮಾಡಿಕೊಳ್ಳಿ.